ಎಡಮುರಿ ಹುರಿ

ಮೊದಲ ತುಂಡು ಅಂಗಳಕ್ಕೆ ಬಿದ್ದಾಗ ಕೋಳಿಗಳೆಲ್ಲ ಕಿರುಚಿಕೊಂಡು ಕೊಟ್ಟಿಗೆಯ ಹಿಂದಕ್ಕೆ ಓಡಿದವು. ಮಾಡಿನ ಹಳೆಯ ಹುಲ್ಲಿನಿಂದ ಕೊಯ್ದ, ಎಳೆಗರುವಿನಷ್ಟು ದಪ್ಪದ ತುಂಡು ಅದು. ಬಿದ್ದ ಸದ್ದು ಮಾತ್ರ ಹಾಸಿಗೆ ಬಿದ್ದಷ್ಟು ಮೆತ್ತಗೆ. ಅದರ ಹಿಂದೆಯೇ ಬೂದು ಧೂಳು ಎದ್ದು ಬಾವಿಕಟ್ಟೆ, ಬಟ್ಟೆ ಒಣಹಾಕುವ ಹಗ್ಗ, ಅಡುಗೆಮನೆಯ ಬಾಗಿಲಲ್ಲಿ ಕಾಫಿ ಕೆಟಲ್ ಹಿಡಿದು ನಿಂತಿದ್ದ ಬೋಲೆಟ್ಟೆ, ಎಲ್ಲವನ್ನೂ ಮುಚ್ಚಿಬಿಟ್ಟಿತು.

"ಬಾಗಿಲು ಹಾಕ್ಕೊಳೇ!" ಮೇಲಿಂದ ಗಂಡ ತೋರ್ವಾಲ್ ಕೂಗಿದ. "ನೂರು ವರ್ಷದ ಧೂಳು ಕಾಫಿಗೆ ಬಿದ್ರೆ ಏವಲ್ ಕುಡಿಯಲ್ಲ."

"ಕುಡೀತೀನಿ ಬಿಡಿ ಅಕ್ಕ, ಸಕ್ಕರೆ ಜಾಸ್ತಿ ಹಾಕಿದ್ರಾಯ್ತು," ಎಂದ ಬಡಗಿ ಏವಲ್. ಅವನು ಛಾವಣಿಯ ನೆತ್ತಿಯ ಮೇಲೆ ಕುದುರೆ ಏರಿದವನಂತೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತು, ಹುಲ್ಲು ಕೊಯ್ಯುವ ಉದ್ದನೆಯ ಗರಗಸ ಆಡಿಸುತ್ತಿದ್ದ. ಅವನ ಆಳುಗಳಿಬ್ಬರು ಕೊಕ್ಕೆ ಹಾಕಿ, ಕೊಯ್ದಿದ್ದನ್ನು ಕೆಳಕ್ಕೆ ಎಳೆಯುತ್ತಿದ್ದರು.

ಸಿಮೆಂಟ್ ಶೀಟು ಬೇಕೆಂದು ಹಟ ಹಿಡಿದವಳು ಬೋಲೆಟ್ಟೆಯೇ. ತೋರ್ವಾಲನಿಗೆ ಮನೆಗಿಂತ ದೋಣಿಯ ಮೇಲೆ ಧ್ಯಾನ ಜಾಸ್ತಿ. ದೋಣಿಯ ಅಡಿಯಲ್ಲಿ ಬೆರಳಿನಷ್ಟು ಬಿರುಕು ಬಿಟ್ಟರೆ ರಾತ್ರಿ ನಿದ್ದೆ ಬಾರದು, ತಲೆಯ ಮೇಲಿನ ಮಾಡು ಸೋರಿದರೆ ಮಗ್ಗುಲು ಬದಲಿಸಿ ಗೊರಕೆ ಹೊಡೆಯುತ್ತಿದ್ದ. ಶರತ್ಕಾಲ ಬಂತೆಂದರೆ ಮಲಗುವ ಕೋಣೆಯಲ್ಲಿ ಬೋಗುಣಿ, ಹಾಲಿನ ಕ್ಯಾನು, ಕೊನೆಗೆ ಮದುವೆಗೆ ಬಂದ ಸೂಪಿನ ಬಟ್ಟಲನ್ನೂ ಹನಿಗಳಡಿಗೆ ಇಡಬೇಕಾಗುತ್ತಿತ್ತು. ಸೋರಿಕೆಯಾದರೂ ಹೋಗಲಿ, ಹುಲ್ಲು ವರ್ಷದಿಂದ ವರ್ಷಕ್ಕೆ ಜಾರಿ ಜಾರಿ, ಮುದುಕರ ಹುಬ್ಬು ಕಣ್ಣಿನ ಮೇಲೆ ಇಳಿದ ಹಾಗೆ ಕಿಟಕಿಗಳ ಮೇಲೆ ಇಳಿದಿತ್ತು. ನಡುಮಧ್ಯಾಹ್ನ ಸೂಜಿಗೆ ದಾರ ಪೋಣಿಸಲು ದೀಪ ಬೇಕು. "ನಾನು ಬದುಕಿರೋವಾಗ್ಲೇ ಒಂದ್ಸಲ ಈ ಮನೆಯೊಳಗೆ ಬೆಳಕು ನೋಡ್ಬೇಕು," ಎಂದು ಅವಳು ಗಂಡನನ್ನು ಎಷ್ಟು ಸಲ ತಿವಿದಿದ್ದಳೋ ಲೆಕ್ಕವಿಲ್ಲ.

ಹಳೆಯದನ್ನೇ ದುರಸ್ತಿ ಮಾಡೋಣವೆಂದರೆ ಹುಲ್ಲು ಎಲ್ಲಿಂದ ತರಬೇಕು? ಲೇಸೋ ದ್ವೀಪದ ಹಳೆಯ ಮನೆಗಳಿಗೆಲ್ಲ ಕಡಲಹುಲ್ಲಿನ ಮಾಡು. ಆಳವಿಲ್ಲದ ನೀರಿನಲ್ಲಿ ಗದ್ದೆಯಂತೆ ಬೆಳೆದು, ಬಿರುಗಾಳಿಯ ಮಾರನೆಯ ದಿನ ದಂಡೆಯುದ್ದಕ್ಕೂ ಅಲೆ ತಂದು ಸುರಿಯುತ್ತಿದ್ದ ಹುಲ್ಲು ಅದು; ಉಪ್ಪು ಕುಡಿದ ಹುಲ್ಲಾದ್ದರಿಂದ ಕೊಳೆಯುತ್ತಿರಲಿಲ್ಲ, ಬೇಗ ಬೆಂಕಿಯೂ ಹಿಡಿಯುತ್ತಿರಲಿಲ್ಲ. ಬೋಲೆಟ್ಟೆ ಇನ್ನೂ ಹುಡುಗಿಯಾಗಿದ್ದಾಗ ಆ ಹುಲ್ಲಿಗೆ ರೋಗ ಬಂತು. ಒಂದೆರಡು ಬೇಸಿಗೆಯಲ್ಲಿ ಕಡಲ ತಳ ಬೋಳಾಯಿತು. ಆಮೇಲೆ ಯಾರೂ ಹೊಸ ಮಾಡು ಹೊದಿಸಿದ್ದಿಲ್ಲ. ಇದ್ದವು ಇದ್ದಲ್ಲೇ ಜಾರುತ್ತ, ಮೇಲೆ ಪಾಚಿ, ಗರಿಕೆ, ಹಳದಿ ಹೂ ಬೆಳೆಸಿಕೊಂಡು, ಒಂದೊಂದಾಗಿ ಹೆಂಚಿಗೋ ಶೀಟಿಗೋ ಜಾಗ ಬಿಟ್ಟುಕೊಟ್ಟವು. ಊರ ಈ ಬದಿಯಲ್ಲಿ ಉಳಿದಿದ್ದು ಇದೊಂದೇ.

ಧೂಳು ತುಸು ಇಳಿದಾಗ ಗೇಟಿನ ಬಳಿ ಇಬ್ಬರು ಮುದುಕಿಯರು ಕಾಣಿಸಿದರು. ಮುಂದೆ ಊರುಗೋಲಿನ ಸಿಸೆಲಜ್ಜಿ, ಎಂಬತ್ತು ದಾಟಿದವಳು. ಹಿಂದೆ ಅವಳಿಗಿಂತ ಐದಾರು ವರ್ಷಕ್ಕೆ ಕಿರಿಯಳಾದ, ಆ ಕಾರಣಕ್ಕೇ ಈಗಲೂ ಅವಳಿಂದ ಬೈಸಿಕೊಳ್ಳುವ ಡೋರ್ತೆಯಜ್ಜಿ. ಇಬ್ಬರೂ ಮಾಸಿದ ನೀಲಿ ಏಪ್ರನ್ ಕಟ್ಟಿದ್ದರು. ಡೋರ್ತೆಯ ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ.

"ಬನ್ನಿ ಅಜ್ಜಿ, ಒಳಗೆ ಬನ್ನಿ. ಧೂಳು..."

"ಒಳಗ್ಯಾಕೆ? ಮಾಡು ಇರೋದು ಹೊರಗೆ ತಾನೆ?" ಎಂದಳು ಸಿಸೆಲಜ್ಜಿ. "ಮಾಡಿನ ಕೆಲಸ ಇರೋ ಮನೆಗೆ ಹೆಂಗಸರು ಬರ್ದೇ ಇದ್ರೆ ಅದು ಊರೇನೇ? ಹೊದಿಸೋಕೆ ಬರ್ತಿದ್ವಿ, ಈಗ ಕಿತ್ತುಹಾಕೋಕೆ ಬಂದಿದೀವಿ. ಬೆಂಚು ತಂದ್ಹಾಕು."

ಡೋರ್ತೆ ಪಾತ್ರೆಯನ್ನು ಬೋಲೆಟ್ಟೆಯ ಕೈಗಿತ್ತಳು. ಒಣದ್ರಾಕ್ಷಿ, ಒಣ ಪ್ಲಮ್ಮು ಹಾಕಿ ಕುದಿಸಿದ ಸಿಹಿ ಗಂಜಿ. ಮಾಡು ಹೊದಿಸುವ ದಿನದ ಊಟ ಇದಿಲ್ಲದೆ ಮುಗಿಯುತ್ತಿರಲಿಲ್ಲ.

ಬಾವಿಯ ಪಕ್ಕ ಬೆಂಚು ಬಂತು. ಇಬ್ಬರೂ ನಾಟಕಕ್ಕೆ ಬಂದವರಂತೆ ಕೂತರು. ಕೂತ ಗಳಿಗೆಯಿಂದ ಸಿಸೆಲಜ್ಜಿಯ ಬಾಯಿ ನಿಲ್ಲಲಿಲ್ಲ. "ಏ ಏವಲ್, ಅದನ್ನ ಕೊಯ್ಯೋದು ಹಾಗಲ್ವೋ, ನಿಮ್ಮಪ್ಪ ಹಂದಿ ಕೊಯ್ತಿದ್ದ ಹಾಗೆ ಕೊಯ್ತೀಯಲ್ಲೋ! ... ಗಂಡಸರು ಮಾಡು ಹತ್ತಿದ್ಮೇಲೇನೇ ಈ ದ್ವೀಪ ಹಾಳಾಗಿದ್ದು. ನಮ್ಮ ಕಾಲದಲ್ಲಿ ಒಬ್ಬ ಗಂಡಸು ಏಣಿ ಮುಟ್ಟಿದ್ರೆ ಕೇಳು."

"ಮುಟ್ಟೋಕೆ ಎಲ್ಲಿದ್ರು ಅಜ್ಜಿ? ಎಲ್ಲಾ ಕಡಲ ಮೇಲೆ ಇರ್ತಿದ್ರು," ಎಂದ ಏವಲ್.

"ಇದ್ದಿದ್ದು ಒಂದಿಬ್ಬರು. ಅವರ ಗತಿ ಕೇಳು ಹೇಳ್ತೀನಿ."

ಅವಳು ಹೇಳಿದಳು. ಮಾಡು ಹೊದಿಸುವ ದಿನವೆಂದರೆ ಬೆಳಗಾಗುವ ಮೊದಲೇ ಸುತ್ತಲಿನ ಮನೆಮನೆಯ ಹೆಂಗಸರೂ ಬಂದು ಸೇರುವರು. ಕೆಲವರು ಅಂಗಳದಲ್ಲಿ ಕೂತು ಹುಲ್ಲನ್ನು ಹೊಸೆದು ತೊಡೆಗಾತ್ರದ ಹುರಿ ಮಾಡುವುದು, ಕೆಲವರು ಅದನ್ನು ಸೂರಂಚಿನ ರೀಪುಗಳಿಗೆ ಸಾಲಾಗಿ ಬಿಗಿಯುವುದು. ಅದರ ಮೇಲೆ ಗಾಡಿಗಟ್ಟಲೆ ಬಿಡಿಹುಲ್ಲು ಸುರಿದ ಮೇಲೆ ಎಲ್ಲರೂ ಲಂಗ ಎತ್ತಿಕಟ್ಟಿ ಮೇಲೆ ಹತ್ತಿ ತುಳಿಯುವುದು. ಆ ಹೊತ್ತಿಗೆ ದಾರಿಯಲ್ಲಿ ಗಂಡಸು ಯಾರಾದರೂ ಗಾಡಿ ಹೊಡೆದುಕೊಂಡು ಬಂದನೋ, ಸತ್ತ. ನಾಲ್ಕು ಜನ ಇಳಿದು ಹೋಗಿ ಅವನನ್ನು ಎಳೆದು ಕೆಡವಿ ಅಂಗಿಯೊಳಗೆಲ್ಲ ಒದ್ದೆಹುಲ್ಲು ತುರುಕಿ ಕಳಿಸುವರು. "ಒಂದ್ಸಲ ಹೊಸ ಪಾದ್ರಿ ಸಿಕ್ಕಿಬಿದ್ದ," ಎಂದಳು ಡೋರ್ತೆ. ಸಿಸೆಲಜ್ಜಿ ಊರುಗೋಲು ನೆಲಕ್ಕೆ ಕುಟ್ಟಿ ನಕ್ಕಳು. "ಪಾದ್ರಿಗೆ ತುರುಕಿದ್ದು ನೀನೇ ಅಲ್ವೇನೇ! ಮುಂದಿನ ಭಾನುವಾರ ಚರ್ಚಲ್ಲಿ ಕೂತ್ರೆ ಆಯಪ್ಪ ಇನ್ನೂ ಕೆರ್ಕೋತಿದ್ದ."

ಬೋಲೆಟ್ಟೆ ಕಾಫಿ ಬಗ್ಗಿಸುತ್ತ ನಕ್ಕಳು. ಇಂಥ ಕಥೆಗಳನ್ನು ಅವಳು ಕೇಳಿದ್ದಳೇ ಹೊರತು ಕಂಡವಳಲ್ಲ. ಅವಳು ಬೆಳೆದದ್ದು ದ್ವೀಪದ ಪಡುವಣ ತುದಿಯಲ್ಲಿ, ಬಂದರಿನ ಹತ್ತಿರದ ಹೆಂಚಿನ ಮನೆಯೊಂದರಲ್ಲಿ, ಮಾರೆನ್ ಎಂಬ ಸಾಕುತಾಯಿಯ ಕೈಯಲ್ಲಿ. ಹೆತ್ತ ತಾಯಿ ಯೆನ್ಸೀನೆ ಆಚೆ ದಡದಿಂದ ಮನೆಗೆಲಸಕ್ಕೆಂದು ಬಂದವಳು. ಮದುವೆ ಇಲ್ಲದೆ ಹುಟ್ಟಿದ ಮಗು. ಅಪ್ಪ ಮರದ ಹಡಗಿನ ಒಬ್ಬ ಸ್ವೀಡಿಷ್ ನಾವಿಕ, ಹೋದವನು ತಿರುಗಿ ಬರಲಿಲ್ಲ. ಮೊದಲ ಮಹಾಯುದ್ಧ ಮುಗಿದ ಚಳಿಗಾಲದಲ್ಲಿ ಊರೂರು ಹೊಕ್ಕ ಜ್ವರ ಯೆನ್ಸೀನೆಯನ್ನೂ ಒಯ್ದಿತು. ಆಗ ಬೋಲೆಟ್ಟೆಗೆ ನಾಲ್ಕು ವರ್ಷ. ತಾಯಿಯ ಒಂದು ಫೋಟೋ ಇಲ್ಲ, ಹರಿದ ಶಾಲು ಇಲ್ಲ, ಸಮಾಧಿಯ ಮೇಲೆ ನೆಟ್ಟಿದ್ದ ಮರದ ಶಿಲುಬೆಯೂ ಎಂದೋ ಲಡ್ಡಾಗಿ ಈಗ ಜಾಗ ಯಾವುದೆಂದು ಖಚಿತವಾಗಿ ಹೇಳುವವರಿಲ್ಲ. ಯೆನ್ಸೀನೆ ಕೆಲಸಕ್ಕಿದ್ದದ್ದು ಇದೇ ಮನೆಯಲ್ಲಿ, ಆಗಿನ ಒಡತಿ ಹಡಗಿನ ಕಪ್ತಾನನ ವಿಧವೆಯ ಬಳಿ, ಎಂಬುದು ಬೋಲೆಟ್ಟೆಗೆ ಗೊತ್ತಿತ್ತು. ಆ ಒಡತಿ ತೀರಿಕೊಂಡ ಮೇಲೆ ತೋರ್ವಾಲನ ಅಪ್ಪ ಮನೆ ಕೊಂಡರು; ಬೋಲೆಟ್ಟೆ ಸೊಸೆಯಾಗಿ ಬಂದಳು. ಬಂದ ಹೊಸದರಲ್ಲಿ ಅಡುಗೆಮನೆಯ ಒಲೆಯ ಮುಂದೆ, ಮೆಟ್ಟಿಲ ಸವೆದ ನಡುಭಾಗದಲ್ಲಿ, ಬಾಗಿಲ ಚಿಲಕದಲ್ಲಿ, ಎಲ್ಲಾದರೂ ಅಮ್ಮನದೇನಾದರೂ ತಾಗೀತೇ ಎಂದು ಕಾದಿದ್ದಳು. ಚಿಲಕ ಚಿಲಕವಾಗಿಯೇ ಇತ್ತು. ಆಮೇಲೆ ಮಕ್ಕಳು, ಹಸು, ಬಲೆ ಹೆಣೆಯುವುದು. ಕಾಯುವುದನ್ನು ಬಿಟ್ಟಿದ್ದಳು.

ಊಟದ ಹೊತ್ತಿಗೆ ತೆಂಕಣ ಪಕ್ಕ ಪೂರ್ತಿ ಬೋಳಾಯಿತು. ಒಡೆದ ಹಡಗುಗಳಿಂದ ಆಯ್ದು ತಂದ ಮರದ ಪಕಾಸುಗಳು ಮೀನಿನ ಮುಳ್ಳಿನಂತೆ ಎದ್ದು ಕಂಡವು. ಒಂದರ ಮೇಲೆ ಯಾವುದೋ ಹಡಗಿನ ಹೆಸರಿನ ಅರ್ಧ ಇನ್ನೂ ಅಳಿಸಿರಲಿಲ್ಲ. ಮಲಗುವ ಕೋಣೆಯೊಳಗೆ ಬಿಸಿಲು ನೇರ ಹಾಸಿಗೆಯ ಮೇಲೆ ಬಿದ್ದಿತ್ತು. ಕಪ್ಪು ರೊಟ್ಟಿ, ಹೊಗೆಹಾಕಿದ ಹೆರಿಂಗ್ ಮೀನು, ಸಿಹಿ ಗಂಜಿ ಉಂಡು ಗಂಡಸರು ಒಂದೊಂದು ಗುಟುಕು ಸ್ನಾಪ್ಸ್ ಸಾರಾಯಿ ಹಾಕಿ ಬಡಗಣ ಪಕ್ಕಕ್ಕೆ ಏಣಿ ಹಾಕಿದರು. ಬೆಂಚೂ ಆ ಕಡೆಗೆ ಸ್ಥಳಾಂತರವಾಯಿತು.

"ಈಗ ಬಂತು ನೋಡು ನಮ್ಮದು," ಎಂದಳು ಸಿಸೆಲಜ್ಜಿ. "ಹದಿನೇಳನೇ ಇಸವಿ. ಹಿಂದಿನ ಚಳಿಗಾಲದ ಬಿರುಗಾಳಿ ಬಡಗಣದ ಮಾಡನ್ನ ಕಂಬಳಿ ಎಳೆದ ಹಾಗೆ ಎಳೆದು ಬಿಸಾಡಿತ್ತು. ಈ ಪಕ್ಕ ಪೂರಾ ನಾವು ಹೊಸದಾಗಿ ಕಟ್ಟಿದ್ದು. ಸೋರಿದ್ದು ತೆಂಕಣ ಪಕ್ಕ, ನಮ್ಮದಲ್ಲ, ತಿಳ್ಕೊ."

ಸೂರಂಚಿನ ಹುರಿಗಳನ್ನು ಆಳುಗಳು ಕೊಕ್ಕೆಯಿಂದ ಕಿತ್ತು ಎಸೆಯುತ್ತಿದ್ದರು. ಕೆಳಗೆ ನಿಂತಿದ್ದ ಟ್ರೇಲರ್ ತುಂಬಿದೊಡನೆ ಒಬ್ಬ ಅದನ್ನು ಊರಾಚೆಯ ಜೌಗು ಹೊಂಡಕ್ಕೆ ಸುರಿದು ಬರುವನು. ಸಿಸೆಲಜ್ಜಿ ಊರುಗೋಲಿನ ಬಾಗಿದ ತುದಿಯಿಂದ ಒಂದು ಹುರಿಯನ್ನು ಹತ್ತಿರಕ್ಕೆಳೆದು ಮಡಿಲಲ್ಲಿಟ್ಟುಕೊಂಡು ತಡವಿದಳು.

"ಇದು ನಿಂದೇ ಕಣೇ ಡೋರ್ತೆ. ನೋಡು, ಕುತ್ತಿಗೆ ಹತ್ರ ಸಡಿಲ. ಹುಡುಗರನ್ನ ನೋಡ್ತಾ ಹೊಸೆದಿದೀಯ."

"ಐವತ್ತು ವರ್ಷ ತಡ್ಕೊಂಡಿದೆಯಲ್ಲ, ಸಾಕು," ಎಂದಳು ಡೋರ್ತೆ.

"ಇದು ಬೆಕ್ಕಿನ ಕಣ್ಣಿನ ಲಾವ್ರೀನೆದು. ಪಾಪ, ಅವಳೂ ಹೋದ್ಲು. ಇದು ನಂದು, ಬಿಗಿ ನೋಡು..." ಎನ್ನುತ್ತ ಮುಂದಿನ ಹುರಿಯನ್ನು ಎತ್ತಿಕೊಂಡಳು. ಹೆಬ್ಬೆರಳು ಅದರ ಮೈಯ ತಿರುವುಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಯಿತು. ಡೋರ್ತೆ ಬಗ್ಗಿ ನೋಡಿ, "ಇಡೇ ಅದನ್ನ, ಸಿಸೆಲ್," ಎಂದಳು ಮೆಲ್ಲಗೆ.

"ಯಾರದು?" ಬೋಲೆಟ್ಟೆ ಕೇಳಿದಳು.

ಮೇಲಿಂದ ಇನ್ನೊಂದು ಹುರಿ ದೊಪ್ಪನೆ ಬಿತ್ತು.

"ಅಜ್ಜಿ, ಯಾರದು ಅಂದೆ."

"ನಾವೆಲ್ಲ ಬಲಕ್ಕೆ ಹೊಸೀತಿದ್ವಿ," ಎಂದಳು ಸಿಸೆಲಜ್ಜಿ ಕೊನೆಗೆ. "ಇದು ಎಡಮುರಿ. ನೋಡು, ತಿರುವು ಆ ಕಡೆಗೆ ಹೋಗುತ್ತೆ. ಆ ವರ್ಷ ಕೆಲಸಕ್ಕೆ ಬಂದವರಲ್ಲಿ ಎಡಚಿ ಒಬ್ಬಳೇ ಇದ್ದದ್ದು." ಹುರಿಯನ್ನು ಬೋಲೆಟ್ಟೆಯ ಕಡೆ ತಿರುಗಿಸಿ, "ನಿಮ್ಮಮ್ಮ," ಎಂದಳು.

ಬೋಲೆಟ್ಟೆಗೆ ತನ್ನ ಕೈಯಲ್ಲಿದ್ದ ಕಾಫಿ ಕಪ್ಪುಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನೆಲದ ಮೇಲೇ ಇಟ್ಟಳು.

"ಯೆನ್ಸೀನೆ ಅಲ್ಲಿ, ಆ ಮೂಲೇಲಿ ಕೂತು ಹೊಸೀತಿದ್ಲು," ಡೋರ್ತೆ ಈಗ ತಡೆಯದೆ ಹೇಳಿದಳು. "ಎಡಮುರಿ ಬಲಮುರಿ ಅಕ್ಕಪಕ್ಕ ಕಟ್ಟಿದ್ರೆ ಕೂಡಿಕೊಳ್ಳಲ್ಲ, ಬಾಯಿ ಬಿಡುತ್ತೆ. ಅದಕ್ಕೇ ಅವಳದನ್ನೆಲ್ಲ ಒಟ್ಟಿಗೇ ಆ ಮೂಲೆಗೆ, ಅಡುಗೆಮನೆ ಮೇಲಿಂದ ಮೂಡಣದ ತುದಿವರೆಗೆ ಕಟ್ಟಿದ್ದು. ನಾವು ತಮಾಷೆ ಮಾಡ್ತಿದ್ವಿ. ಅವಳಿಗೇನೂ ಬೇಜಾರಿರಲಿಲ್ಲ. ಗಂಜೀಲಿರೋ ಪ್ಲಮ್ಮಿನ ಬೀಜ ಇದೆಯಲ್ಲ, ಅದನ್ನ ಬಾವಿಯಾಚೆವರೆಗೂ ಉಗೀತಿದ್ಲು. ಯಾವ ಗಂಡಸೂ ಅಷ್ಟು ದೂರ ಉಗಿದಿಲ್ಲ."

"ನನಗ್ಯಾಕೆ ಯಾರೂ ಹೇಳ್ಲಿಲ್ಲ?"

"ಮಾರೆನ್ ಬೇಡ ಅಂದಿದ್ಲು. ಆ ಹೆಸರು ಕೇಳಿದ್ರೆ ಮಗು ರಾತ್ರಿಯೆಲ್ಲ ಅಳುತ್ತೆ, ಎತ್ತಬೇಡಿ ಅಂತ. ಎತ್ತಲಿಲ್ಲ. ಆಮೇಲೆ ನೀನು ದೊಡ್ಡವಳಾದೆ, ನೀನೂ ಕೇಳಲಿಲ್ಲ. ಹಾಗೇ ಅಭ್ಯಾಸ ಆಗೋಯ್ತು." ಸಿಸೆಲಜ್ಜಿ ಬಾವಿಯ ಕಡೆ ನೋಡಿದಳು. "ನೀನೂ ಇದ್ದೆ ಅವತ್ತು. ಮೂರು ವರ್ಷದವಳು. ಗಾಡಿ ಕುದುರೆಗಳ ಕಾಲಡಿಗೆ ಓಡ್ತಿದ್ದೆ ಅಂತ ನಿಮ್ಮಮ್ಮ ನಿನ್ನ ಸೊಂಟಕ್ಕೊಂದು ಹಗ್ಗ ಕಟ್ಟಿ ಬಾವಿ ಕಂಬಕ್ಕೆ ಬಿಗಿದಿದ್ಲು. ಆಗಾಗ ಬಂದು ಎಷ್ಟು ಬಿಗಿಯಾಗಿದೆ ಅಂತ ಬೆರಳು ತೂರಿಸಿ ನೋಡೋಳು. ನೀನೇ ಇರಬೇಕು. ಲಾವ್ರೀನೆ ಮಗಳೋ ಏನೋ... ಇಲ್ಲ, ನೀನೇ."

ಸೊಂಟಕ್ಕೆ ಕಟ್ಟಿದ ಆ ಹಗ್ಗ ಬೋಲೆಟ್ಟೆಗೆ ನೆನಪಿತ್ತು. ಅವಳ ಬುದ್ಧಿಗೆ ನಿಲುಕುವ ಎಲ್ಲಕ್ಕಿಂತ ಹಿಂದಿನ ನೆನಪು ಅದೇ: ಹೊಟ್ಟೆಯ ಸುತ್ತ ಹಗ್ಗ, ಬಿಸಿಲು, ಕಡಲಿನ ಒಗರು ವಾಸನೆ, ದೂರದಲ್ಲಿ ಯಾರೋ ನಗುತ್ತಿರುವುದು. ತನ್ನನ್ನು ದನದ ಹಾಗೆ ಕಟ್ಟಿಹಾಕಿದವಳು ಮಾರೆನ್ ಎಂದು ಇಷ್ಟು ವರ್ಷ ತಿಳಿದಿದ್ದಳು. ಆ ಸಿಟ್ಟು ಒಳಗೊಳಗೇ ಉಳಿದು, ಸಾಯುವಾಗಲೂ ಮಾರೆನ್ನಳ ಕೈ ಹಿಡಿಯಲು ಒಂದು ಕ್ಷಣ ಹಿಂಜರಿದಿದ್ದಳು.

ಅವಳು ಹುರಿಯನ್ನು ಸಿಸೆಲಜ್ಜಿಯ ಮಡಿಲಿನಿಂದ ತೆಗೆದುಕೊಂಡಳು. ಅಂದುಕೊಂಡಿದ್ದಕ್ಕಿಂತ ಹಗುರ. ಹೊರಮೈ ಬೂದಿಯಂತೆ ಬೆಳ್ಳಗಾಗಿತ್ತು. ತಿರುವನ್ನು ಬಿಡಿಸಿದರೆ ಒಳಗೆ ನಿನ್ನೆ ಒಣಗಿದ ಹುಲ್ಲಿನಂತೆ ಕಂದು ಬಣ್ಣ. ಯಾರೂ ನೋಡುತ್ತಿಲ್ಲವೆಂದುಕೊಂಡು ಒಂದು ಎಳೆಯನ್ನು ನಾಲಗೆಗೆ ಹಚ್ಚಿದಳು. ಉಪ್ಪು ಇನ್ನೂ ಇತ್ತು.

ಟ್ರೇಲರ್ ಗುಡುಗಿದ ಸದ್ದಿಗೆ ಅವಳು ತಲೆಯೆತ್ತಿದಳು. ಆಳು ಈ ಪಕ್ಕದ ಮೊದಲ ಲೋಡು ಸುರಿದು ಬಂದು ಎರಡನೆಯದಕ್ಕೆ ಟ್ರ್ಯಾಕ್ಟರು ಹಿಮ್ಮುಖವಾಗಿ ನಿಲ್ಲಿಸುತ್ತಿದ್ದ. ಮೇಲೆ ಏವಲ್ ಅಡುಗೆಮನೆಯ ನೇರಕ್ಕೆ ಬಂದು ಕೊಕ್ಕೆಯನ್ನು ಹುರಿಗಳ ಸಾಲಿಗೆ ತಗುಲಿಸಿ ಎಳೆಯುತ್ತಿದ್ದ. ಒಣಗಿದ ಹುರಿ ನಡುವಿಗೇ ಹರಿದು ಕೈತುಂಬ ಚೂರಾಗಿ ಉದುರಿತು.

"ನಿಲ್ಸಿ! ಏವಲ್, ನಿಲ್ಸು!"

"ಏನಾಯ್ತೇ?" ತೋರ್ವಾಲ್ ನೆತ್ತಿಯಿಂದ ಬಗ್ಗಿದ.

"ಕೊಕ್ಕೆ ಹಾಕಬೇಡಿ. ಅದನ್ನ ಬಿಚ್ಚಿ. ಕಟ್ಟು ಬಿಚ್ಚಿ ಒಂದೊಂದಾಗಿ ಇಳಿಸಿ."

ತೋರ್ವಾಲ್ ಪಡುವಣದ ಕಡೆ ಕೈ ತೋರಿಸಿದ. ಕಡಲ ಮೇಲೆ ಸೀಸದ ಬಣ್ಣದ ಮೋಡ ಉದ್ದಕ್ಕೆ ಎದ್ದಿತ್ತು. "ಅದು ಕಾಣುತ್ತಾ? ಸಂಜೆಯೊಳಗೆ ಶೀಟು ಹೊದಿಸ್ದೆ ಹೋದ್ರೆ ಇವತ್ತು ನಾವು ಮಲಗೋದು ನೀರಲ್ಲಿ. ಕಸ ಬಿಚ್ಚಿ ಇಳಿಸು ಅಂತೀಯಲ್ಲ, ತಲೆ ಕೆಟ್ಟಿದೆಯಾ? ಹತ್ತು ವರ್ಷದಿಂದ ಕಿತ್ಹಾಕು ಕಿತ್ಹಾಕು ಅಂತ ನನ್ನ ಪ್ರಾಣ ತಿಂದವಳು ನೀನೇ ತಾನೆ?"

"ನಾನೇ. ಈಗ ನಾನೇ ಬೇಡ ಅಂತಿದೀನಿ. ಮಾಡು ಕೀಳಬೇಡ ಅಂತಿಲ್ಲ. ಇದೊಂದು ಸಾಲು ಹರೀಬೇಡ."

"ಯಾಕೆ ಅಂತಾದ್ರೂ ಹೇಳು!"

ಬಡಗಿ, ಆಳುಗಳು, ಟ್ರ್ಯಾಕ್ಟರಿನ ಗಡಗಡದ ನಡುವೆ ಕೂಗಿ ಹೇಳುವ ಮಾತಲ್ಲ ಅದು. ಏಣಿಯ ಬುಡಕ್ಕೆ ಹೋಗಿ ಚಪ್ಪಲಿ ಕಳಚಿ, ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಹತ್ತತೊಡಗಿದಳು. ಐವತ್ತೆರಡರ ದಪ್ಪ ಹೆಂಗಸು; ಏಣಿ ಬಾಗಿ ಕಿರುಗುಟ್ಟಿತು.

"ಭೇಷ್!" ಎಂದು ಕೆಳಗಿಂದ ಸಿಸೆಲಜ್ಜಿ ಕೂಗಿದಳು. "ಡೋರ್ತೆ, ನೋಡೇ, ಮಾಡಿನ ಮೇಲೆ ಹೆಂಗಸು ಹತ್ತಿದ್ಲು!"

"ಬಿದ್ರೆ ಸೊಂಟ ಮುರಿಯುತ್ತೆ," ಎಂದಳು ಡೋರ್ತೆ.

ಬೋಲೆಟ್ಟೆ ಸೂರಂಚಿನ ರೀಪಿಗೆ ಒಂದು ಮೊಣಕಾಲು ಊರಿ, ಮೊದಲ ಹುರಿಯ ಕುತ್ತಿಗೆಯ ಕಟ್ಟಿಗೆ ಕೈ ಹಾಕಿದಳು. ಕಟ್ಟೂ ಹುಲ್ಲಿನದೇ, ಕಲ್ಲಿನಂತೆ ಬಿಗಿದುಕೊಂಡಿತ್ತು. ಉಗುರು ಮುರಿಯಿತು. ತೋರ್ವಾಲ್ ತೆವಳಿಕೊಂಡು ಬಂದು ಪಕ್ಕದಲ್ಲಿ ಕೂತ. ಅವನ ಮುಖ ಕೆಂಪಾಗಿತ್ತು, ಬೈಯಲೆಂದೇ ಬಂದಿದ್ದ. ಹತ್ತಿರದಿಂದ ಅವಳ ಮುಖ ನೋಡಿ ಬೈಗುಳ ಅಲ್ಲೇ ನಿಂತಿತು.

"ಇದು ಅಮ್ಮ ಹೊಸೆದಿದ್ದು," ಎಂದಳು ಬೋಲೆಟ್ಟೆ, ಕೈಯನ್ನು ಕಟ್ಟಿನಿಂದ ತೆಗೆಯದೆ. "ಇಲ್ಲಿಂದ ಅಲ್ಲಿವರೆಗೂ."

ಅವನು ಅವಳು ತೋರಿಸಿದ ಸಾಲನ್ನು ನೋಡಿದ. ಬಲೆ ಹೆಣೆದು, ಹಗ್ಗ ಹುರಿಗೊಳಿಸಿ ಬದುಕಿದವನಿಗೆ ಹೇಳಬೇಕಾಗಿರಲಿಲ್ಲ. "ತಿರುವು ಎಡಕ್ಕಿದೆ," ಎಂದ. ಮೂವತ್ತು ವರ್ಷ ಈ ಸೂರಿನಡಿ ಓಡಾಡಿದವನು ಅದನ್ನು ಈಗ ಕಂಡ ಹಾಗಿತ್ತು. ಕೆಳಗಿಳಿದು ಹೋದ. ತಿರುಗಿ ಬಂದಾಗ ಕೈಯಲ್ಲಿ ದೋಣಿಯ ಹಗ್ಗವಿತ್ತು. ಒಂದು ತುದಿಯನ್ನು ಪಕಾಸಿಗೆ ಬಿಗಿದು, ಇನ್ನೊಂದು ತುದಿಯನ್ನು ಹೆಂಡತಿಯ ಸೊಂಟಕ್ಕೆ ಸುತ್ತಿ ಗಂಟು ಹಾಕಿದ. ಗಂಟಿನಡಿ ಎರಡು ಬೆರಳು ತೂರಿಸಿ ನೋಡಿದ. ಆಮೇಲೆ ಜೇಬಿನಿಂದ ಮೀನು ಕೊಯ್ಯುವ ಚಾಕು ತೆಗೆದು ಅವಳ ಕೈಗಿಟ್ಟ.

"ಕಟ್ಟು ಮಾತ್ರ ಕೊಯ್ಯಿ, ಹುರಿಗೆ ತಾಗಿಸಬೇಡ. ... ಏವಲ್! ನೀನು ತೆಂಕಣ ಪಕ್ಕದಿಂದ ಶೀಟು ಹೊಡೆಯೋಕೆ ಶುರುಮಾಡು. ಇಲ್ಲಿ ನಾವಿಬ್ರು ನೋಡ್ಕೋತೀವಿ."

"ತೋರ್ವಾಲಣ್ಣ, ಮಳೆ..."

"ಮಳೆ ಬಂದ್ರೆ ನೆನೀತೀವಿ. ಹೊಸದಾ ನಮಗೆ?"

ಅವಳು ಕೊಯ್ದಳು, ಅವನು ಇಳಿಸಿದ. ಡೋರ್ತೆಯಜ್ಜಿ ಕೆಳಗೆ ಕೈ ಚಾಚಿ ಒಂದೊಂದನ್ನೇ ಹಸುಗೂಸು ತೆಗೆದುಕೊಂಡ ಹಾಗೆ ತೆಗೆದುಕೊಂಡು ಒಲೆಮನೆಯ ಗೋಡೆಗೆ ಒರಗಿಸಿಟ್ಟಳು. ಆಳು ಟ್ರ್ಯಾಕ್ಟರು ನಿಲ್ಲಿಸಿ ಸಿಗರೇಟು ಹಚ್ಚುವವನಿದ್ದ. ಸಿಸೆಲಜ್ಜಿ ಊರುಗೋಲು ತೋರಿಸಿ ಅವನನ್ನೂ ಕೆಲಸಕ್ಕೆ ಹಚ್ಚಿದಳು. ಆಚೆ ಪಕ್ಕದಲ್ಲಿ ಏವಲನ ಸುತ್ತಿಗೆ ಬಡಿಯುತ್ತಲೇ ಇತ್ತು. ಕೊನೆಯ ಮೂಲೆಯ ಶೀಟಿಗೆ ಮೊಳೆ ಹೊಡೆಯುವಾಗ ಮಳೆ ಶುರುವಾಗಿ ಮಾಡಿನ ಮೇಲಿದ್ದವರೆಲ್ಲ ತೊಯ್ದು ತೊಪ್ಪೆಯಾದರು. ಮೊದಲೇ ಹೊಂಡಕ್ಕೆ ಹೋದ ಲೋಡಿನಲ್ಲಿ ಯೆನ್ಸೀನೆಯ ಹುರಿಗಳೂ ಕೆಲವು ಇದ್ದಿರಬೇಕು.

ಒಲೆಮನೆಗೆ ಹೊದಿಸುವ ಯೋಚನೆ ಸಿಸೆಲಜ್ಜಿಯದು. ಅಂಗಳದ ಮೂಲೆಯ ಆ ಪುಟ್ಟ ಕಟ್ಟಡದಲ್ಲಿ ರೊಟ್ಟಿ ಸುಡುವ ದೊಡ್ಡ ಒಲೆ. ಮೇಲೆ ತುಕ್ಕು ಹಿಡಿದ ತಗಡು. "ಗೋಡೆಗೆ ಒರಗಿಸಿಟ್ರೆ ಇಲಿ ಗೂಡು ಮಾಡುತ್ತೆ ಅಷ್ಟೇ. ಮಾಡಿನ ಹುಲ್ಲು ಮಾಡಿನ ಮೇಲೇ ಇರಬೇಕು. ಇಷ್ಟಗಲ ಒಲೆಮನೆಗೆ ಬೇಕಾದಷ್ಟಾಯ್ತು." ಮುಂದಿನ ಭಾನುವಾರ, ಚರ್ಚು ಮುಗಿಸಿದವಳೇ ಅದೇ ನೀಲಿ ಏಪ್ರನ್ ಕಟ್ಟಿಕೊಂಡು ಡೋರ್ತೆಯೊಡನೆ ಹಾಜರಾದಳು. ತೋರ್ವಾಲ್ ತಗಡು ಕಿತ್ತು ರೀಪು ಹೊಡೆದುಕೊಟ್ಟ; ಆಮೇಲೆ ಏಣಿ ಮುಟ್ಟಕೂಡದೆಂದು ಅಪ್ಪಣೆಯಾಗಿ, ಬಾವಿಕಟ್ಟೆಯ ಮೇಲೆ ಪೈಪು ಸೇದುತ್ತ ಕೂತ.

ಹುರಿಗಳು ಒಂದು ಪಕ್ಕದ ಸೂರಿಗೆ ಸಾಕಾದವು, ಇನ್ನೊಂದಕ್ಕೆ ಒಂದೆರಡು ಕಡಿಮೆ. ಅಂಗಳದಲ್ಲಿ ಉಳಿದಿದ್ದ ಹಳೆಯ ಹುಲ್ಲನ್ನೇ ನೀರು ಚಿಮುಕಿಸಿ ಹದ ಮಾಡಿ ಹೊಸೆಯಬೇಕಾಯಿತು. ಸಿಸೆಲಜ್ಜಿ ಎರಡು ಹಿಡಿ ತೋರಿಸಿಕೊಟ್ಟು ಸೋತಳು, ಬೆರಳು ಕೇಳಲಿಲ್ಲ. "ಎಡಕ್ಕೇ ಹೊಸೀಬೇಕು, ಇಲ್ದಿದ್ರೆ ಪಕ್ಕದ್ದರ ಜೊತೆ ಕೂಡಲ್ಲ," ಎಂದಳು. ಬೋಲೆಟ್ಟೆ ಕೂತಳು. ಎಡಗೈಯನ್ನು ಮುಂದೆ ಮಾಡಿ ತಿರುವಿದಳು. ನಾಲ್ಕು ಸುತ್ತು ಬರುವಷ್ಟರಲ್ಲಿ ಕೈ ತನಗೆ ಗೊತ್ತಿದ್ದ ದಾರಿಗೇ ಹೊರಳಿ ಇಡೀ ಹುರಿ ಬಿಚ್ಚಿಕೊಂಡಿತು. ಮತ್ತೆ ಹೊಸೆದಳು. ಮತ್ತೆ ಬಿಚ್ಚಿತು.

"ನಿಂಗೆ ಬರಲ್ಲ ಬಿಡೇ," ಎಂದಳು ಡೋರ್ತೆ. "ನಿಂದು ಅವಳ ಕೈಯಲ್ಲ, ನಿಮ್ಮಪ್ಪಂದಿರಬೇಕು."

ಬೋಲೆಟ್ಟೆಗೂ ಹಾಗೇ ಅನ್ನಿಸುತ್ತಿತ್ತು. ಕೈಯಾದರೂ ತಾಯಿಯದಾಗಿದ್ದೀತು ಎಂಬ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಒಂದು ಹಳೆಯ ಹುರಿಯನ್ನು ಮಡಿಲಿಗೆಳೆದುಕೊಂಡು, ಕಣ್ಣು ಮುಚ್ಚಿ, ಅದರ ತಿರುವಿನ ಮೇಲೆ ಬೆರಳಾಡಿಸಿದಳು. ಪ್ರತಿ ಸುತ್ತಿನಲ್ಲೂ ಒಂದೆಡೆ ಹೆಬ್ಬೆರಳು ಒತ್ತಿದ ತಗ್ಗಿತ್ತು. ತನ್ನ ಹೆಬ್ಬೆರಳನ್ನು ಅಲ್ಲಿಟ್ಟಳು. ಅದು ತಗ್ಗಿಗಿಂತ ದೊಡ್ಡದು. ಅಮ್ಮ ಸಣ್ಣ ಕೈಯವಳು. ಸಾಯುವಾಗ ಇಪ್ಪತ್ತಾರೋ ಇಪ್ಪತ್ತೇಳೋ, ತನ್ನ ಮಗಳ ಈಗಿನ ವಯಸ್ಸು. ಅಂಥ ಹುಡುಗಿ ಹಗ್ಗ ಕಟ್ಟಿದ ಕೂಸಿನ ಕಡೆ ಒಂದು ಕಣ್ಣಿಟ್ಟುಕೊಂಡು ಇದನ್ನೆಲ್ಲ ಹೊಸೆದಿದ್ದಾಳೆ.

ಸಂಜೆಯ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದು, ಒಂದು ಹುರಿ ನಿಂತಿತು. ಒಂದು ಕಡೆ ಉಬ್ಬು, ಒಂದು ಕಡೆ ಸಡಿಲು, ಆದರೂ ಬಿಚ್ಚಿಕೊಳ್ಳದೆ ನಿಂತಿತು. ಸಿಸೆಲಜ್ಜಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಥೂ, ಹಾವು ಕಪ್ಪೆ ನುಂಗಿದ ಹಾಗಿದೆ," ಎಂದಳು. "ಹಿಂದಿನ ಪಕ್ಕಕ್ಕೆ ಕಟ್ಟು, ಯಾರಿಗೂ ಕಾಣ್ಸಲ್ಲ." ಬೋಲೆಟ್ಟೆ ನಗಲು ಶುರುಮಾಡಿದವಳು ನಿಲ್ಲಿಸಲಾಗದೆ, ಏಪ್ರನ್ನಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ನಗು ಯಾವಾಗ ಬೇರೆಯಾಯಿತೋ. ಡೋರ್ತೆ ಬೆಂಚಿನ ಮೇಲೆ ಸರಿದು ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. ಬಾವಿಕಟ್ಟೆಯ ಮೇಲೆ ತೋರ್ವಾಲ್ ಆರಿದ ಪೈಪನ್ನೇ ಎಳೆಯುತ್ತ ಕಡಲ ಕಡೆ ನೋಡುತ್ತಿದ್ದ.

ಅಕ್ಟೋಬರಿನಲ್ಲಿ ಒಲೆಮನೆಯ ಹುಲ್ಲು ತನ್ನ ಭಾರಕ್ಕೆ ಒಂದಿಷ್ಟು ಕೂತಿತು. ಬಾಗಿಲ ಮುಂದೆ ಅಮ್ಮನ ಹುರಿಗಳ ತುದಿ ಮುಖದೆತ್ತರಕ್ಕೆ ಇಳಿದವು. ರೊಟ್ಟಿ ಸುಡುವ ದಿನ ತೋರ್ವಾಲ್ ದೊಡ್ಡ ಕತ್ತರಿ ಹಿಡಿದು ಬಂದ.

"ಬಾಗಿಲ ಮೇಲಿಂದಷ್ಟು ಕತ್ತರಿಸ್ಲಾ? ನೀನು ಹೋಗ್ತಾ ಬರ್ತಾ ತಾಗುತ್ತೆ."

"ಬೇಡ," ಎಂದಳು ಬೋಲೆಟ್ಟೆ. "ತಾಗಲಿ."

ಹಿಟ್ಟಿನ ಮರಿಗೆಯನ್ನು ಸೊಂಟಕ್ಕಿಟ್ಟುಕೊಂಡು, ತಲೆವಸ್ತ್ರವನ್ನು ಹಿಂದಕ್ಕೆ ಜಾರಿಸಿ, ತಲೆ ತಗ್ಗಿಸಿ ಒಳಗೆ ಹೋದಳು. ಒಣಹುಲ್ಲಿನ ತುದಿಗಳು ಅವಳ ನರೆತ ಕೂದಲ ಮೇಲೆ ಹಣೆಯಿಂದ ಹಿಂದಕ್ಕೆ ಮೆಲ್ಲಗೆ ಹಾದುಹೋದವು. ಕೈಯಲ್ಲಿ ಕತ್ತರಿ ಹಿಡಿದ ತೋರ್ವಾಲ್ ನೋಡುತ್ತ ನಿಂತ. ಅವಳು ಮತ್ತೆ ಹೊರಬಂದಳು. ತಂದದ್ದು ಏನೂ ಇರಲಿಲ್ಲ, ಮರೆತದ್ದೂ ಏನೂ ಇರಲಿಲ್ಲ. ಒಂದು ಗಳಿಗೆ ಅಂಗಳದಲ್ಲಿ ನಿಂತು, ತಿರುಗಿ, ತಲೆ ತಗ್ಗಿಸಿ ಒಳಗೆ ಹೋದಳು.